ವಸುಧಾ ಕೂತಿದ್ದ ಕುರ್ಚಿ

ವಸುಧಾ ತೀರಿಕೊಂಡು ಏಳು ತಿಂಗಳಾಯಿತು. ಇಲ್ಲಿನ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಅವಳ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ಕೇಳಿದ್ದರು. ಸದಾ ಹಸನ್ಮುಖಿ, ಎಲ್ಲರಿಗೂ ಬೇಕಾದವರು ಎಂದು ಬರೆದಿದ್ದರೆ ಸಾಕಿತ್ತು. ಆದರೆ ಕೊನೆಯ ಎರಡು ವರ್ಷ ಅವಳು ಹಸನ್ಮುಖಿಯಾಗಿರಲಿಲ್ಲ, ಯಾರಿಗೂ ಬೇಕಾಗಿರಲಿಲ್ಲ. ಹಾಗೆ ಮಾಡಿದವರು ನಾವು. ಆ ಪುಟ ನನ್ನಿಂದ ಆಗಲಿಲ್ಲ.

ಅವಳು ಮಂಡ್ಯದವಳು. ತಂದೆ ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ ಗುಮಾಸ್ತರು. ಕಬ್ಬಿನ ಗಾಡಿ ತೂಗುವಾಗ ಮುಳ್ಳು ನಿಲ್ಲುವವರೆಗೆ ಯಾರು ಕರೆದರೂ ತಲೆ ಎತ್ತುತ್ತಿರಲಿಲ್ಲವಂತೆ. ಮಗಳೂ ಹಾಗೆಯೇ. ಎಂ.ಕಾಂ. ಮುಗಿಸಿ, ಮದುವೆಯಾಗಿ ಇಲ್ಲಿಗೆ, ಅಮೆರಿಕಕ್ಕೆ, ಬಂದಳು. ಮಗಳು ನಿಸರ್ಗಾಗೆ ಮೂರು ವರ್ಷವಿದ್ದಾಗ ಗಂಡ ಹೃದಯಾಘಾತದಿಂದ ಹೋದರು. ಕೆಲವು ಕಾಲ ಒಂದು ಡೇಕೇರಿನಲ್ಲಿ ಮಕ್ಕಳ ಮೂಗು ಒರೆಸಿ, ಆಮೇಲೆ ಒಂದು ಕೌಂಟಿಯ, ಅಂದರೆ ಜಿಲ್ಲೆಯ, ಪೊಲೀಸ್ ಕೆಲಸ ನೋಡುವ ಶೆರಿಫ್ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ಯಾವ ಕೌಂಟಿ ಎಂಬುದು ಇಲ್ಲಿ ಬೇಡ.

ಲೈಂಗಿಕ ಅಪರಾಧಕ್ಕೆ ಶಿಕ್ಷೆಯಾದವರು ಹೊರಗೆ ಬಂದ ಮೇಲೆ ತಮ್ಮ ವಿಳಾಸವನ್ನು ಪೊಲೀಸರಲ್ಲಿ ನೋಂದಾಯಿಸಬೇಕು. ಮನೆ ಬದಲಿಸಿದರೆ ಮತ್ತೆ ಬರಬೇಕು. ಬದಲಿಸದಿದ್ದರೂ ವರ್ಷಕ್ಕೊಮ್ಮೆ, ಹುಟ್ಟುಹಬ್ಬದ ವಾರದಲ್ಲಿ, ಖುದ್ದಾಗಿ ಬಂದು ಸಹಿ ಹಾಕಿ ಬೆರಳೊತ್ತಿ ಹೋಗಬೇಕು. ಆ ಕೌಂಟರಿನ ಹಿಂದೆ ಕೂರುತ್ತಿದ್ದವಳು ವಸುಧಾ. ಪಟ್ಟಿಯಲ್ಲಿರುವ ಕೆಲವರ ಹೆಸರು ಜಾಲತಾಣದಲ್ಲಿ ಎಲ್ಲರಿಗೂ ಕಾಣುತ್ತದೆ. ಇನ್ನು ಕೆಲವರದು ಪೊಲೀಸರಿಗೆ ಮಾತ್ರ ಗೊತ್ತು. ಅಂಥ ಹೆಸರನ್ನು ನೌಕರರು ಹೊರಗೆ ಹೇಳಿದರೆ ಅದೇ ಒಂದು ಅಪರಾಧ.

ಅವಳ ಸಂಬಳವೂ, ಊರೆಲ್ಲ ತಿರುಗಿ ಈ ವಿಳಾಸಗಳನ್ನು ಪರಿಶೀಲಿಸುವ ಒಬ್ಬ ತನಿಖಾಧಿಕಾರಿಯ ಸಂಬಳವೂ ವಾಷಿಂಗ್ಟನ್ನಿನಿಂದ ಬರುವ ಅನುದಾನದ ಮೇಲೆ ನಿಂತಿದ್ದವು. ವರ್ಷ ವರ್ಷವೂ ಅರ್ಜಿ ಹಾಕಬೇಕು. ಆ ಅರ್ಜಿ ಬರೆಯುವವಳೂ ಅವಳೇ. ಅರ್ಜಿಯ ದಿನಗಳಲ್ಲಿ ನಮ್ಮ ಮನೆಗೆ ಬಂದರೂ ಅದೇ ಮಾತು.

"ಬಂತೇನ ನಿನ್ನ ಗ್ರಾಂಟು?" ಎಂದು ನಾನು ಕೆಣಕುತ್ತಿದ್ದೆ. ನಾನು ಗದಗಿನವಳು, ನನ್ನ ಮಾತು ಕೇಳಿದರೆ ಅವಳಿಗೆ ನಗು.

"ಬರ್ತದೆ ಬಿಡೇ ಉಮಾ. ಬರ್ಲಿಲ್ಲ ಅಂದ್ರೆ ನಿಮ್ಮನೇಲಿ ರೊಟ್ಟಿ ತಟ್ಕೊಂಡಿರ್ತೀನಿ."

"ನಿನಗ ರೊಟ್ಟಿ ತಟ್ಟಾಕ ಎಲ್ಲಿ ಬರತೈತಿ? ಮುದ್ದಿ ತಿರುವಾಕಿ ನೀನು."

ಒಮ್ಮೆ ಮಾತ್ರ ಅವಳು ಆ ಕೆಲಸದ ಒಳಗಿನ ವಿಷಯ ಹೇಳಿದ್ದಳು. ಅವಳು ಸೇರುವುದಕ್ಕೆ ಮೊದಲು ಕಚೇರಿಯ ಯಾರೋ ಒಬ್ಬರು ಒಂದು ಹೆಸರು ಬಾಯಿಬಿಟ್ಟರಂತೆ. ಜನ ಆ ಮನೆಯ ಕಿಟಕಿ ಒಡೆದರು. ಆತ ರಾತ್ರೋರಾತ್ರಿ ಕಾಣೆಯಾದ. ಹದಿನಾಲ್ಕು ತಿಂಗಳು ಎಲ್ಲಿದ್ದ, ಯಾರ ಪಕ್ಕದ ಮನೆಯಲ್ಲಿದ್ದ, ಯಾರಿಗೂ ತಿಳಿಯಲಿಲ್ಲ. "ಅವ್ರು ನಮ್ಮನ್ನ ನಂಬಿ ಕೌಂಟರಿಗೆ ಬರ್ತಾರೆ ಕಣೇ. ಬರದೇ ಇರೋನು ಎಲ್ಲಿದ್ದಾನೆ ಅಂತ ನಾನು ಹೇಗೆ ಹುಡುಕ್ಲಿ?" ಎಂದಿದ್ದಳು.

ನಮ್ಮ ಕನ್ನಡ ಶಾಲೆ ನಡೆಯುತ್ತಿದ್ದುದು ಒಂದು ಚರ್ಚಿನ ಬಾಡಿಗೆ ಕೋಣೆಗಳಲ್ಲಿ, ಪ್ರತಿ ಭಾನುವಾರ ಹತ್ತರಿಂದ ಹನ್ನೆರಡು. ನಿಸರ್ಗಾ ಅಲ್ಲಿ ಕಲಿತು ಬಿಟ್ಟು ಎಷ್ಟೋ ವರ್ಷವಾಗಿದ್ದರೂ ವಸುಧಾ ಹಾಜರಿ ಪುಸ್ತಕ ನೋಡಿಕೊಳ್ಳಲು ಬರುತ್ತಿದ್ದಳು. ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದವರು ವೀರಣ್ಣ ಮಾಸ್ತರು. ನಮ್ಮ ಗದಗಿನ ಕಡೆಯವರೇ. ಬೇರೊಂದು ರಾಜ್ಯದಲ್ಲಿ ಬಹಳ ವರ್ಷ ಇದ್ದು, ನಿವೃತ್ತರಾಗಿ, ಹೆಂಡತಿ ಹೋದ ಮೇಲೆ ಈ ಕಡೆ ಬಂದವರು. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ವಚನ ಹೇಳಿಕೊಟ್ಟರೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಕ್ಕಳ ಬಾಯಲ್ಲೂ ಕನ್ನಡ ಹೊರಡುತ್ತಿತ್ತು. ತರಗತಿ ಶುರುವಾಗುವ ಮೊದಲು ನಾವು ನಮ್ಮ ಮಕ್ಕಳ ತಲೆ ಬಗ್ಗಿಸಿ ಅವರ ಕಾಲು ಮುಟ್ಟಿಸುತ್ತಿದ್ದೆವು.

ಆ ಮಾಸ್ತರ ಹೆಸರು ಪಟ್ಟಿಯಲ್ಲಿತ್ತು. ಪೊಲೀಸರಿಗೆ ಮಾತ್ರ ಕಾಣುವ ಪಟ್ಟಿಯಲ್ಲಿ. ಇಪ್ಪತ್ತೈದು ವರ್ಷದ ಹಿಂದೆ, ಆ ಇನ್ನೊಂದು ರಾಜ್ಯದಲ್ಲಿ, ಒಂದು ಮಗು. ಇದು ನಮಗೆ ಗೊತ್ತಾದದ್ದು ವಸುಧಾ ಹೋದ ಮೇಲೆ, ನ್ಯಾಯಾಲಯದ ಕಾಗದಗಳಿಂದ. ಅದರಲ್ಲಿ ಇನ್ನೊಂದು ದಿನಾಂಕವೂ ಇತ್ತು. ಮನೆ ಬದಲಿಸಿ ಹೊಸ ಕೌಂಟಿಗೆ ಬಂದ ಮಾಸ್ತರು ಅಲ್ಲಿನ ಕೌಂಟರಿನಲ್ಲಿ ಮೊದಲ ಸಲ ಬೆರಳೊತ್ತಿದ್ದು ಒಂದು ಗುರುವಾರ, ಅವರಿಗೆ ಎಪ್ಪತ್ತು ತುಂಬಿದ ವಾರ. ಅದು ವಸುಧಾಳ ಕೌಂಟರು.

ಅದೇ ಶನಿವಾರ ನಾವು ಅವರ ಎಪ್ಪತ್ತರ ಸನ್ಮಾನ ಇಟ್ಟುಕೊಂಡಿದ್ದೆವು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಸನ್ಮಾನಪತ್ರ ಬರೆದು ಓದಿದವಳು ನಾನು. "ನಮ್ಮ ಮಕ್ಕಳನ್ನು ನಿಮ್ಮ ಮಡಿಲಿಗೆ ಹಾಕಿದ್ದೇವೆ" ಎಂಬ ಸಾಲು ನನ್ನದೇ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಸುಧಾ ಏಳಲಿಲ್ಲ. ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದಳು. ಅದನ್ನು ನೋಡಿದವರೆಲ್ಲ ನೆನಪಿಟ್ಟುಕೊಂಡರು.

ಮರುವಾರ ಶಾಲೆಯ ಸಮಿತಿ ಸೇರಿದ್ದು ಅಧ್ಯಕ್ಷ ಅಭಿರಾಮನ ಮನೆಯಲ್ಲಿ. ಮೆನ್ಲೋ ಪಾರ್ಕಿನಲ್ಲಿ ಕೆಲಸ ಮಾಡುವ ಚುರುಕು ಹುಡುಗ, ಬೆಂಗಳೂರಿನವನು. ವಸುಧಾ ಒಂದೇ ಮಾತು ಎತ್ತಿದಳು: ಮಕ್ಕಳ ಕೋಣೆಗೆ ಕಾಲಿಡುವ ಪ್ರತಿಯೊಬ್ಬರೂ ಬೆರಳಚ್ಚು ಕೊಟ್ಟು ಪೊಲೀಸ್ ಪರಿಶೀಲನೆ ಮಾಡಿಸಿಕೊಳ್ಳಬೇಕು. ಒಬ್ಬರನ್ನೂ ಬಿಡದೆ.

"ಮಾಡಿಸೋಣ ಮೇಡಂ, ವೈ ನಾಟ್. ಆದ್ರೆ ಮಾಸ್ತರಿಗೆ ಹೇಗೆ ಕೇಳೋದು? ಸೆವೆಂಟಿ ಇಯರ್ಸು ಅವರಿಗೆ. ಮೊನ್ನೆ ಪೇಟ ಇಟ್ಟು ಇವತ್ತು ಬೆರಳೊತ್ತಿ ಅಂದ್ರೆ?" ಎಂದ ಅಭಿರಾಮ.

"ಎಲ್ಲರಿಗೂ ಅಂದೆ."

"ನೀವು ಆಫೀಸಲ್ಲಿ ದಿನಾ ಅಂಥವರನ್ನೇ ನೋಡ್ತೀರ. ಅದಕ್ಕೇ ನಿಮಗೆ ಎಲ್ಲರೂ ಹಾಗೇ ಕಾಣ್ತಾರೆ."

ನಮ್ಮೆಲ್ಲರಿಗೂ ಹಾಗೆಯೇ ಅನ್ನಿಸಿತ್ತು. ಪಟ್ಟಿ ನೋಡುವ ಕಚೇರಿಯವಳೇ ಬೆರಳಚ್ಚು ಬೇಕು ಎಂದು ಹಟ ಹಿಡಿದರೆ ಅದರ ಅರ್ಥವೇನು ಎಂದು ಒಬ್ಬರೂ ಯೋಚಿಸಲಿಲ್ಲ. ಹಿರಿಯರಿಗೆ ಅವಮಾನ ಮಾಡುತ್ತಿದ್ದಾಳೆ ಎನ್ನುವುದೊಂದೇ ಕಂಡಿತು. ನಾನೂ ಎದ್ದು ಹೇಳಿದೆ: "ಯಾಕ ಹಿಂಗ ಮಾಡಾಕತ್ತಿ ವಸುಧಾ? ಗುರುವಿನ ಕೈಗೆ ಮಸಿ ಹಚ್ಚತೀಯೇನ?" ಮತಕ್ಕೆ ಹಾಕಿದಾಗ ಹತ್ತಕ್ಕೆ ಒಂದು. ಆ ಒಂದು ಅವಳದು.

ನಿಯಮ ಬಿದ್ದುಹೋಯಿತು. ಮುಂದಿನ ಭಾನುವಾರ ವಸುಧಾ ಚಿಕ್ಕ ಮಕ್ಕಳ ಕೋಣೆಗೆ ಹೋಗಿ, ಹಿಂದಿನ ಸಾಲಿನಲ್ಲಿ, ಐದು ವರ್ಷದ ಮಕ್ಕಳಿಗೆಂದು ಮಾಡಿದ ನೀಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಳು. ಮಂಡಿ ಎದೆಗೆ ಬರುತ್ತಿತ್ತು. ಯಾಕೆಂದು ಕೇಳಿದರೆ, "ವಚನ ಕಲೀಬೇಕು" ಎಂದಳು. ಎರಡು ವರ್ಷ, ಒಂದು ಭಾನುವಾರವೂ ತಪ್ಪಲಿಲ್ಲ. ಫ್ಲಾಸ್ಕಿನಲ್ಲಿ ತನ್ನ ಕಾಫಿ ತಾನೇ ತರುತ್ತಿದ್ದಳು. ಹನ್ನೆರಡು ಹೊಡೆದು ಕೊನೆಯ ಮಗು ತಾಯಿಯ ಕೈಗೆ ಸೇರುವವರೆಗೆ ಏಳುತ್ತಿರಲಿಲ್ಲ. ಬಚ್ಚಲಿಗೂ ಹೋಗುತ್ತಿರಲಿಲ್ಲ.

"ಬರ್ರಿ ತಾಯಿ, ನಿಮ್ಮ ಕುರ್ಚಿ ಕಾಯಾಕತ್ತೈತಿ" ಎಂದು ಮಾಸ್ತರು ಪ್ರತಿ ವಾರ ನಗುತ್ತ ಕೈ ಮುಗಿಯುತ್ತಿದ್ದರು. ಅವಳಿಗೆ ಗೊತ್ತು ಎಂದು ಅವರಿಗೆ ಗೊತ್ತಿತ್ತು. ಅವಳು ಹೇಳಲಾರಳು ಎಂಬುದೂ ಗೊತ್ತಿತ್ತು.

ನಾವು ಅವಳಿಗೆ ಸಿಐಡಿ ವಸುಧಾ ಎಂದು ಹೆಸರಿಟ್ಟೆವು. ವಾಟ್ಸಾಪ್ ಗುಂಪಿನಿಂದ ತೆಗೆದರು. ನವರಾತ್ರಿಗೆ ಗೊಂಬೆ ನೋಡಲು ಕರೆಯುವುದನ್ನು ಒಂದೊಂದೇ ಮನೆ ನಿಲ್ಲಿಸಿತು. ಒಂದು ಯುಗಾದಿಯ ಊಟದಲ್ಲಿ ಅಭಿರಾಮ ಐದೂ ಬೆರಳನ್ನು ಹುಳಿಯಲ್ಲಿ ಅದ್ದಿ, ಕಾಗದದ ತಟ್ಟೆಯ ಮೇಲೆ ಒತ್ತಿ, ಅವಳ ಮುಂದೆ ಹಿಡಿದ. "ಮೇಡಂ, ನಂದೂ ಫೈಲ್ ಮಾಡ್ಕೊಳ್ಳಿ." ಇಡೀ ಪಂಕ್ತಿ ನಕ್ಕಿತು. ನಾನೂ ನಕ್ಕೆ. ವಸುಧಾ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, "ಹೆಬ್ಬೆರಳು ಸರಿಯಾಗಿ ಬಂದಿಲ್ಲ ಅಭಿರಾಮ್. ಇನ್ನೊಂದ್ಸಲ ಒತ್ತಿ" ಎಂದಳು. ನಗು ನಿಂತಿತು. ಅವಳು ತಟ್ಟೆಯನ್ನು ಮಡಿಚಿ ಕಸದ ಡಬ್ಬಿಗೆ ಹಾಕಿ, ಊಟ ಮಾಡದೆ ಹೋದಳು.

ಅವಳು ಸುಮ್ಮನಿರಲಿಲ್ಲ ಎನ್ನುವುದನ್ನು ಆಮೇಲೆ ಅವಳ ಮೇಲಧಿಕಾರಿ ನನಗೆ ಹೇಳಿದರು. ಶುಕ್ರವಾರ ಅವಳಿಗೆ ಕೆಲಸದ ದಿನವಲ್ಲ, ಸನ್ಮಾನದ ಮರುದಿನ ಭಾನುವಾರ. ಸೋಮವಾರ ಬೆಳಿಗ್ಗೆಯೇ ಅವರ ಮುಂದೆ ನಿಂತಿದ್ದಳಂತೆ. ಪಟ್ಟಿಯಲ್ಲಿರುವ ಅಂಥವರು ಮಕ್ಕಳ ಜೊತೆ ಒಬ್ಬರೇ ಇದ್ದು ಕೆಲಸ ಮಾಡಿದರೆ ಅಪರಾಧ. ಇನ್ನೊಬ್ಬ ದೊಡ್ಡವರು ಕೋಣೆಯಲ್ಲಿದ್ದರೆ ಅಲ್ಲ. ಒಬ್ಬರೇ ಇದ್ದರೆಂದು ತೋರಿಸಲು ತನಿಖಾಧಿಕಾರಿ ಹೋಗಿ ನೋಡಬೇಕು. ಆ ವರ್ಷ ಅನುದಾನ ಬಂದಿರಲಿಲ್ಲ; ತನಿಖಾಧಿಕಾರಿಯನ್ನು ಜೈಲಿನ ಕೆಲಸಕ್ಕೆ ಹಾಕಿದ್ದರು, ವಸುಧಾಳ ಕೆಲಸವನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿದ್ದರು. ದೂರನ್ನು ಸರದಿಯಲ್ಲಿ ಇಟ್ಟರು. ಮುಂದಿನ ವರ್ಷವೂ ಅವಳು ಅರ್ಜಿ ಬರೆದಳು, ತನಿಖಾಧಿಕಾರಿ ಯಾಕೆ ಬೇಕು ಎಂದು ಆರು ಪುಟ. ಆಗಲೂ ಬರಲಿಲ್ಲ.

ಅಂದರೆ ಅವಳಿಗೆ ಉಳಿದಿದ್ದು ಎರಡೇ ದಾರಿ. ಎದ್ದು ಹೊರಗೆ ಹೋಗಿ, ಒಬ್ಬರೇ ಇರುವಂತೆ ಬಿಟ್ಟು, ಅಪರಾಧ ಆಗಲೆಂದು ಕಾಯುವುದು. ಇಲ್ಲವೇ ಕೂತು, ಅವರನ್ನು ಕಾನೂನಿನ ಒಳಗೇ ಉಳಿಸಿ, ಮಕ್ಕಳನ್ನು ಕಾಯುವುದು. ಅವಳು ಕೂತಳು.

ಅವಳ ಮೇಲೆ ನನಗೆ ಸಿಟ್ಟೂ ಇದೆ. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಕೆಲಸ ಹೋಗುತ್ತಿತ್ತು, ಹೋಗಲಿ ಎಂದು ರಾತ್ರಿಯೆಲ್ಲ ಅವಳ ಜೊತೆ ಜಗಳವಾಡುತ್ತೇನೆ. ಆಮೇಲೆ ಆ ಹದಿನಾಲ್ಕು ತಿಂಗಳು ಕಾಣೆಯಾದವನ ನೆನಪಾಗುತ್ತದೆ. ಹೇಳಿದ್ದರೆ ನಾವು ನಂಬುತ್ತಿದ್ದೆವೇ ಎಂದೂ ಅನ್ನಿಸುತ್ತದೆ.

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಗೊತ್ತಾದಾಗಲೇ ತಡವಾಗಿತ್ತು. ಕಿಮೋ ಚುಚ್ಚಿಸಿಕೊಂಡ ವಾರಗಳಲ್ಲೂ ಭಾನುವಾರ ಬಂದು ಆ ಕುರ್ಚಿಯಲ್ಲಿ ಕೂತಳು, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು. "ಮಕ್ಕಳ ಎದುರು ವಾಂತಿ ಮಾಡ್ಬೇಡಿ ಮೇಡಂ, ಪ್ಲೀಸ್" ಎಂದು ಅಭಿರಾಮ ಮೆಸೇಜು ಕಳಿಸಿದ. ಏಪ್ರಿಲ್ಲಿನಲ್ಲಿ ಹಾಸಿಗೆ ಹಿಡಿದಳು. ನಾನು ಪ್ಲೆಸೆಂಟನ್ನಿನ ನಮ್ಮ ಮನೆಯಿಂದ ದಿನವೂ ಸಂಜೆ ಹೋಗುತ್ತಿದ್ದೆ. ನಕ್ಕವಳು ನಾನೂ ಹೌದು, ಆದರೂ ಹೋಗುತ್ತಿದ್ದವಳು ನಾನೊಬ್ಬಳೇ. ಕಾಲೇಜಿನಿಂದ ಬಂದಿದ್ದ ನಿಸರ್ಗಾ ಬಾಗಿಲು ತೆರೆದು, "She's been asking for you, Aunty" ಎನ್ನುತ್ತಿದ್ದಳು.

ಹಾಸಿಗೆ ಹಿಡಿದ ವಾರದ ಶುಕ್ರವಾರವೇ ವಸುಧಾ ನನ್ನ ಕೈ ಹಿಡಿದುಕೊಂಡಳು.

"ಉಮಾ, ಒಂದು ಕೇಳ್ತೀನಿ. ಭಾನುವಾರ ಹೋಗಿ ನನ್ನ ಕುರ್ಚೀಲಿ ಕೂತ್ಕೋ."

"ಈಗ ಅದರ ಚಿಂತಿ ಯಾಕ ನಿನಗ?"

"ಯಾಕೆ ಅಂತ ಕೇಳ್ಬೇಡ. ಕೂತ್ಕೋ ಅಷ್ಟೆ. ಏನೇ ಆದ್ರೂ ಎದ್ದೇಳ್ಬೇಡ ಕಣೇ."

ಮಾತು ಕೊಟ್ಟೆ. ಮೊದಲ ಭಾನುವಾರ ಕೂತೆ. ಸೊಂಟ ನೋವು ಬಂತು, ಹನ್ನೆರಡರವರೆಗೆ ಕೂತೆ. ಎರಡನೆಯ ಭಾನುವಾರ, ಹನ್ನೊಂದು ಗಂಟೆಯ ಹೊತ್ತಿಗೆ, ಮಾಸ್ತರು ಪಾಠ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ನೀವೂ ಪಹರೇಕ ಬಂದ್ರೇನ ತಂಗಿ?"

ನನಗೆ ಮೈಯೆಲ್ಲ ನಾಚಿಕೆಯಾಯಿತು. "ಛೇ ಛೇ, ಹಂಗಲ್ಲರಿ ಮಾಸ್ತರ" ಎಂದೆ.

"ಅಡಗಿಮನ್ಯಾಗ ಚಾ ಆಗೇತಂತ. ಹೋಗಿ ಬಿಸೀದು ಕುಡೀರಿ. ನಾ ಅದೀನಲ್ಲ."

ಮಾಸ್ತರು ಹೋಗು ಎಂದರೆ ಹೋಗಬೇಕು. ಹಾಗೆ ಬೆಳೆದವಳು ನಾನು. ಎದ್ದೆ. ಬಾಗಿಲು ಮುಂದಕ್ಕೆ ಎಳೆದುಕೊಂಡದ್ದೂ ನಾನೇ, ಪಾಠಕ್ಕೆ ಗದ್ದಲವಾಗಬಾರದೆಂದು. ಚರ್ಚಿನ ಅಡುಗೆಮನೆಯಲ್ಲಿ ಎಲ್ಲರೂ ಸೇರಿದ್ದರು. "ಸಿಐಡಿ ಡ್ಯೂಟಿ ಮುಗೀತಾ ಆಂಟಿ?" ಎಂದು ಅಭಿರಾಮ ಕೇಳಿದ. ಚಹಾ ಚೆನ್ನಾಗಿತ್ತು. ಇನ್ನೊಂದು ಲೋಟ ಹಾಕಿಸಿಕೊಂಡೆ. ನಲವತ್ತು ನಿಮಿಷ.

ಆ ದಿನ ಸಂಜೆ ಹೋದಾಗ ವಸುಧಾಳಿಗೆ ಮಾತು ಕಷ್ಟವಾಗಿತ್ತು. ನನ್ನನ್ನು ಕಂಡದ್ದೇ ತುಟಿ ಅಲುಗಿತು. ಬಗ್ಗಿ ಕಿವಿ ಕೊಟ್ಟೆ.

"ಕೂತಿದ್ದೆಯಾ?"

"ಕುಂತಿದ್ದೆ."

"ಎದ್ದೇಳ್ಲಿಲ್ವಲ್ಲ?"

"ಇಲ್ಲವ್ವಾ. ಎದ್ದಿಲ್ಲ."

ಅವಳು ಕಣ್ಣು ಮುಚ್ಚಿದಳು. ಮುಖದ ಗಂಟು ಸಡಿಲಾಯಿತು. ಎರಡು ವರ್ಷದಲ್ಲಿ ಆ ಮುಖ ಹಾಗಿದ್ದದ್ದನ್ನು ನಾನು ನೋಡಿರಲಿಲ್ಲ. ಬುಧವಾರ ಬೆಳಿಗ್ಗೆ ಹೋದಳು.

ಗುರುವಾರ ಅವಳನ್ನು ದಹನಕ್ಕೆ ಕೊಟ್ಟೆವು. ಮಾಸ್ತರು ಬಂದಿದ್ದರು, ಪೆಟ್ಟಿಗೆಯ ಪಕ್ಕ ನಿಂತು ಕಣ್ಣೊರೆಸಿಕೊಂಡು ಒಂದು ವಚನ ಹೇಳಿದರು. ನಾವೆಲ್ಲ ಕೈ ಮುಗಿದೆವು. ಆ ಸಂಜೆ ನಮ್ಮ ಸಂಘದ ಕಾವ್ಯಾಳ ಎಂಟು ವರ್ಷದ ಮಗಳು, ಮಾಸ್ತರ ತರಗತಿಯವಳು, ಭಾನುವಾರದ ಶಾಲೆಗೆ ಇನ್ನು ಹೋಗುವುದಿಲ್ಲ ಎಂದು ಹಟ ಮಾಡಿ, ಯಾಕೆ ಎಂದು ತಾಯಿಗೆ ಹೇಳಿದಳು. ಅವಳು ಏನು ಹೇಳಿದಳೋ ಅದು ಅವಳದು. ಬರೆಯುವ ಹಕ್ಕು ನನಗಿಲ್ಲ. ಪೊಲೀಸರು ಶುಕ್ರವಾರ ಮಾಸ್ತರನ್ನು ಕರೆದೊಯ್ದರು. ಈಗ ಮೊಕದ್ದಮೆ ನಡೆಯುತ್ತಿದೆ. ಶಾಲೆ ಮುಚ್ಚಿದೆ. ಅಭಿರಾಮ ಯಾರ ಫೋನನ್ನೂ ಎತ್ತುವುದಿಲ್ಲ. ಜುಲೈ ತಿಂಗಳಲ್ಲಿ ವಸುಧಾಳ ಹೆಸರಿಗೆ ಕಚೇರಿಗೆ ಒಂದು ಪತ್ರ ಬಂತಂತೆ: ಅನುದಾನ ಮಂಜೂರಾಗಿದೆ, ಅಭಿನಂದನೆಗಳು. ತನಿಖಾಧಿಕಾರಿ ಮರಳಿ ಬಂದಿದ್ದಾರೆ.

ಪೊಲೀಸರು ಮಾಸ್ತರನ್ನು ಕರೆದೊಯ್ದ ದಿನ ಕಾವ್ಯಾ ನಮ್ಮ ಮನೆಗೆ ಬಂದಳು. ಒಳಗೆ ಕರೆದರೂ ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತು, "ಆಂಟಿ, ನೀವು ಅವತ್ತು ಕ್ಲಾಸಲ್ಲೇ ಕೂತಿದ್ರಿ ಅಲ್ವಾ? ನಾನೇ ಬಿಟ್ಟು ಹೋಗುವಾಗ ನೋಡ್ದೆ. ನೀವಿದ್ದೀರಲ್ಲ ಅಂತ ಧೈರ್ಯವಾಗಿ ಹೋದೆ. ಎಲ್ಲಿ ಹೋದ್ರಿ ಆಂಟಿ?" ಎಂದು ಕೇಳಿದಳು.

"ಚಾ ಕುಡಿಯಾಕ ಹೋಗಿದ್ದೆ" ಎಂದೆ.