ಮಗಳನ್ನು ಬಿಟ್ಟು ತೆಗೆದ ಸರಾಸರಿ

“ನಿಮ್ಮ ಮಗಳು ನಮ್ಮ ಸಾಲಿಯಿಂದ ಪರೀಕ್ಷಾಕ್ಕ ಕುಂತರ ಸರಾಸರಿ ಇಳೀತದ್ರಿ. ಆಕಿಗೆ ಹೊರಗಿಂದ ಪರೀಕ್ಷಾ ಕಟ್ಟಸ್ರಿ,” ಎಂದರು ಬಸವಕಲ್ಯಾಣದ ಆ ಖಾಸಗಿ ಶಾಲೆಯ ಮುಖ್ಯಸ್ಥರು. ಅಲ್ಲೇ ಒಂಬತ್ತನೆಯದು ಮುಗಿಸಿ ಹತ್ತನೇ ತರಗತಿಗೆ ಹೋಗಬೇಕಿದ್ದ ನನ್ನ ಮಗಳು ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

“ಹೋದ ವರ್ಷನೂ ಹೀಂಗೇ ಹುಡುಗ್ರಿಗಿ ಹೊರಗ ಹಾಕಿದ್ರೇನ್ರಿ ಸರ್?” ಎಂದು ಕೇಳಿದೆ. ಅವರಿಗೆ ಒಂದಿಷ್ಟೂ ಮುಜುಗರವಾಗಲಿಲ್ಲ. “ಸರಾಸರಿ ಎಂಬತ್ತೆಂಟು ಬಂತಲ್ರಿ, ಅದು ನೋಡ್ರಿ,” ಎಂದು ಮೀಸೆಯ ಮೇಲೆ ಕೈಯಾಡಿಸಿಕೊಂಡರು. ಕಡಿಮೆ ಅಂಕದವರನ್ನೆಲ್ಲ ಗೇಟಿನಾಚೆ ನಿಲ್ಲಿಸಿದರೆ ಯಾವ ಶಾಲೆಯ ಸರಾಸರಿಯಾದರೂ ಏರುತ್ತದೆ. ಅದಕ್ಕೆ ಪಾಠ ಹೇಳುವ ಮೇಷ್ಟ್ರೂ ಬೇಕಾಗುವುದಿಲ್ಲ, ವಾಚ್‌ಮನ್ ಒಬ್ಬ ಸಾಕು.

ಅಂದೇ ಟಿ.ಸಿ. ತೆಗೆದುಕೊಂಡು, ನನ್ನ ತವರಾದ ಹುಮನಾಬಾದಿನ ಸರ್ಕಾರಿ ಪ್ರೌಢಶಾಲೆಗೆ ಅವಳನ್ನು ಸೇರಿಸಿ, ನಾನೂ ಅವಳೊಂದಿಗೆ ತವರುಮನೆಯಲ್ಲೇ ಉಳಿದೆ. ಅಲ್ಲಿ ಗಣಿತದ ಟೀಚರು ಮೊದಲ ಕಿರುಪರೀಕ್ಷೆಯ ಅಂಕಗಳನ್ನು ಯಾರ ಹೆಸರೂ ಹಾಕದೆ ಚಿಕ್ಕದರಿಂದ ದೊಡ್ಡದಕ್ಕೆ ಬೋರ್ಡಿನ ಮೇಲೆ ಬರೆದು, ನಟ್ಟನಡುವೆ ಬಂದ ಅಂಕಕ್ಕೆ ಸುತ್ತು ಹಾಕಿದರಂತೆ. ಅದೇ ಮಧ್ಯಾಂಕ ಎಂದು ಹೇಳಿಕೊಟ್ಟರಂತೆ.

ಸಂಜೆ ಮನೆಗೆ ಬಂದವಳೇ ಮಗಳು ಅಂದಳು: “ಅವ್ವಾ, ನಡುವಿನ ಅಂಕಕ್ಕಿಂತ ನಂದು ಬರೇ ಎರಡ ಕಮ್ಮಿ. ನನಗಿಂತ ಕೆಳಗೂ ಭಾಳ ಮಂದಿ ಅದಾರ. ಯಾರಿಗೂ ಹೊರಗ ಹೋಗಂದಿಲ್ಲ.” ತಿಂಗಳುಗಳ ನಂತರ ಅವಳು ಹೊಟ್ಟೆತುಂಬ ಉಂಡ ರಾತ್ರಿ ಅದು.

ಮಗಳು ಎರಡನೇ ದರ್ಜೆಯಲ್ಲಿ ಪಾಸಾದಳು. ಈಗ ಯಾರಾದರೂ ತಮ್ಮ ಶಾಲೆಯ ಸರಾಸರಿ ಹೇಳಿ ಬೀಗಿದರೆ, ಅದರಲ್ಲಿ ಯಾರ‍್ಯಾರನ್ನು ಲೆಕ್ಕಕ್ಕೆ ಹಿಡಿದಿಲ್ಲ ಎಂದು ಕೇಳುತ್ತೇನೆ.