ಗೋಡೆಯಿಂದ ಒಂದು ಬೆರಳು ದೂರ

ಕಳೆದ ವಾರ ಹಳೆಯ ವರದಿಗಳ ಕಡತ ಬಿಚ್ಚಿದಾಗ ಮೊದಲು ಮೂಗಿಗೆ ಬಂದದ್ದು ರೇಷ್ಮೆಗೂಡಿನ ವಾಸನೆ. ಪುಟಗಳ ನಡುವೆ ಅಂಗೈಯಗಲದ ಹಳದಿ ಬಟ್ಟೆಯಿತ್ತು. ಅದನ್ನು ನೇಯ್ದವರು ಮುಳಬಾಗಿಲಿನಲ್ಲಿ ನಮ್ಮ ಪಕ್ಕದ ಮನೆಯವರು. ನಾವೆಲ್ಲ ಅವರನ್ನು ಮಗ್ಗದ ದೊಡ್ಡಮ್ಮ ಎನ್ನುತ್ತಿದ್ದೆವು.

ಎಂಬತ್ತರ ದಶಕದ ಆರಂಭ. ನಾನು ಕೋಲಾರದ ಪತ್ರಿಕೆಯೊಂದಕ್ಕೆ ವರದಿ ಕಳಿಸುತ್ತಿದ್ದೆ. ದೊಡ್ಡಮ್ಮ ಜೋಡಿಗೂಡಿನ ನೂಲಿನಲ್ಲಿ ನೇಯುತ್ತಿದ್ದರು. ಎರಡು ಹುಳುಗಳು ಸೇರಿ ಕಟ್ಟಿದ ಗೂಡಿನಿಂದ ಬರುವ ಆ ನೂಲು ಒಂದೆಡೆ ದಪ್ಪ, ಒಂದೆಡೆ ಸಣ್ಣ. ಒಳ್ಳೆಯ ಸೀರೆಗೆ ಆಗದೆಂದು ವ್ಯಾಪಾರಿಗಳು ಅದನ್ನು ಬದಿಗೆ ತಳ್ಳುತ್ತಿದ್ದರು.

ಕೋಲಾರದ ಒಂದು ಹಳೆಯ ಬಂಗಲೆಯಲ್ಲಿ ನಡುಹಜಾರದ ಗೋಡೆ ಗಾರೆಯದು. ಮೇಲಂಚಿನ ಉದ್ದಕ್ಕೂ ಬಳ್ಳಿಯ ಚಿತ್ರ. ಮಳೆಗಾಲ ಬಂದರೆ ಕೆಳಭಾಗ ತೇವ ಹೀರಿ ಚಕ್ಕೆ ಏಳುತ್ತಿತ್ತು. ಯಜಮಾನರು ಬೆಂಗಳೂರಿನಿಂದ ಹೂವಿನ ಬಟ್ಟೆ ತರಿಸಿ, ಚಿತ್ರವನ್ನೂ ಮುಚ್ಚಿ, ಮೈದಾ ಗೋಂದಿನಲ್ಲಿ ಅಂಟಿಸಿದರು. ಒಂದೇ ಮಳೆಗಾಲಕ್ಕೆ ಅದು ಬೂಷ್ಟು ಹಿಡಿದು ಕಿತ್ತುಬಂತು. ಬಳ್ಳಿಯ ಒಂದು ತುಂಡೂ ಜೊತೆಗೇ ಉದುರಿತು. ಉಳಿದದ್ದನ್ನು ಕೆತ್ತಿಸಿ ಸಿಮೆಂಟು ಬಳಿಸುವುದೆಂದು ಅವರು ತೀರ್ಮಾನಿಸಿದರು. ಗೋಡೆಗೆ ಬಟ್ಟೆ ಹೊದಿಸುವುದು ನಮ್ಮ ಹವೆಗೆ ಒಗ್ಗದೆಂದು ನಾನೂ ಬರೆದೆ.

ಆ ವರದಿಯನ್ನು ಯಾರಿಂದಲೋ ಓದಿಸಿಕೊಂಡ ದೊಡ್ಡಮ್ಮ ಬೇಲಿಯಾಚೆಯಿಂದ ಕೂಗಿದರು: “ಏನೋ ಪೇಪರಪ್ಪ, ಅಂಟಿಸಿದೋನ ತಪ್ಪಿಗೆ ಬಟ್ಟೇನ ಯಾಕೋ ಬೈತೀಯ? ಹುಳದ ಮನೇಲಿ ನಾವೂ ಗೋಡೆಗೆ ಬಟ್ಟೆ ಕಟ್ತೀವಿ. ಒಂದು ಬೆರಳು ಜಾಗ ಬಿಟ್ಟು ಕಟ್ತೀವಿ ಕಣೋ. ತಾಗಿದ್ರೆ ತೇವ ಏರಿ ಹುಳಕ್ಕೇ ರೋಗ. ನಡಿ, ನನ್ನನ್ನ ಕರ್ಕೊಂಡು ಹೋಗು.”

ಕರೆದುಕೊಂಡು ಹೋದೆ. ತಾವೇ ನೇಯ್ದು ಕಟ್ಟಿಕೊಡುವುದಾಗಿ ದೊಡ್ಡಮ್ಮ ಹೇಳಿದಾಗ ಯಜಮಾನರು ನಕ್ಕರು. ಆದರೂ ಒಂದು ಮಳೆಗಾಲದ ಗಡುವು ಕೊಟ್ಟರು. ಒಂದೇ ಒಂದು ಕಲೆ ಕಂಡರೂ ಬಟ್ಟೆ ಕೆಳಗೆ, ಸಿಮೆಂಟು ಮೇಲೆ.

ಬೇಸಿಗೆಯಿಡೀ ಮಗ್ಗದ ಸದ್ದು… ಬಣ್ಣ ಹಾಕಲಿಲ್ಲ, ಗೂಡಿನ ಹಳದಿಯನ್ನೇ ಉಳಿಸಿಕೊಂಡರು. ಬಳ್ಳಿಯ ಚಿತ್ರದ ಕೆಳಗೆ ಒಂದು ಬೆರಳು ದಪ್ಪದ ಮರದ ಪಟ್ಟಿ ಹೊಡೆಸಿ, ಬಟ್ಟೆಯ ಮೇಲಂಚನ್ನು ಮಾತ್ರ ಅದಕ್ಕೆ ಬಿಗಿಸಿದರು. ಕೆಳಮಡಿಕೆಯೊಳಗೆ ಬಿದಿರಿನ ಸೀಳು ತೂರಿಸಿ, ನೆಲಕ್ಕೆ ತಾಗದಂತೆ ಇಳಿಬಿಟ್ಟರು.

ಮಳೆ ಹಿಡಿದ ಎರಡನೆಯ ವಾರ ನಾವಿಬ್ಬರೂ ನೋಡಲು ಹೋದೆವು. ಕೆಳಂಚಿನ ಉದ್ದಕ್ಕೂ ಸಾಲಾಗಿ ಮೊಳೆ ಹೊಡೆದಿತ್ತು!

“ಗಾಳಿಗೆ ನಾಟಕದ ಪರದೆ ಥರ ಆಡ್ತಿತ್ತಮ್ಮ. ನೋಡೋಕೆ ಚೆನ್ನಾಗಿರಲಿಲ್ಲ,” ಎಂದರು ಯಜಮಾನರು.

ದೊಡ್ಡಮ್ಮ ಅಂಗೈ ಹಿಂಭಾಗವನ್ನು ಬಟ್ಟೆಗೆ ಒತ್ತಿ ನೋಡಿದರು. ಆಗಲೇ ತಣ್ಣಗಿತ್ತು. “ಅಯ್ಯೋ ನಾಯನಾ… ಯಜಮಾನ್ರೇ, ನಿಮ್ಮ ಮೂಗೂ ಬಾಯೂ ಎರಡೂ ಮುಚ್ಚಿದ್ರೆ ಎಷ್ಟೊತ್ತು ಇರ್ತೀರ? ಇಕ್ಕಳ ತರಿಸಿ.”

ಕುಕ್ಕರುಗಾಲಲ್ಲಿ ಕೂತು ಒಂದೊಂದಾಗಿ ಮೊಳೆ ಕಿತ್ತರು. ಕೊನೆಯ ನಾಲ್ಕನ್ನು ಯಜಮಾನರೇ ಕಿತ್ತರು.

ದೀಪಾವಳಿ ಕಳೆದು ಮಳೆ ನಿಂತ ಮೇಲೆ ಗಡುವಿನ ದಿನ ಬಂತು. ಗಾರೆಯವನು ಸಿಮೆಂಟಿನ ಚೀಲದೊಂದಿಗೆ ಹಜಾರದ ಬಾಗಿಲಲ್ಲೇ ನಿಂತಿದ್ದ. ಯಜಮಾನರು ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ನೋಡುತ್ತ ನಡೆದರು. ಕಲೆಯಿರಲಿಲ್ಲ. ಮಂಡಿಯೂರಿ, ಕೆಳಂಚು ಎತ್ತಿ, ಭುಜದವರೆಗೂ ಕೈ ತೂರಿಸಿದರು. ಹೊರತೆಗೆದ ಅಂಗೈಯಲ್ಲಿ ಒಣ ಸುಣ್ಣದ ಪುಡಿ ಬಿಟ್ಟರೆ ಬೇರೇನೂ ಇರಲಿಲ್ಲ. ಅವರು ಗಾರೆಯವನ ಕಡೆ ತಿರುಗಿ, “ಚೀಲ ವಾಪಸ್ ತಗೊಂಡು ಹೋಗಪ್ಪ,” ಎಂದರು.

ದೊಡ್ಡಮ್ಮ ನನ್ನ ಕಡೆ ನೋಡಿದರು. “ಈಗ ಬರಿಯೋ. ತಪ್ಪಾಯ್ತು ಅಂತಾನೂ ಸೇರಿಸು.”

ಸೇರಿಸಿದೆ. ಹಳೆಯ ವರದಿ ಬಂದ ಪುಟದಲ್ಲೇ, ಅದೇ ಜಾಗದಲ್ಲಿ ಸಂಪಾದಕರು ತಿದ್ದುಪಡಿ ಹಾಕಿದರು. ಆಮೇಲೆ ಮಾಲೂರು, ಶ್ರೀನಿವಾಸಪುರದ ಹಳೆಯ ಮನೆಗಳವರೂ ದೊಡ್ಡಮ್ಮನ ಬಾಗಿಲಿಗೆ ಬಂದರು. ಯಾರಿಗೂ ಬೇಡವಾಗಿದ್ದ ಜೋಡಿಗೂಡನ್ನು ವ್ಯಾಪಾರಿಗಳು ಅವರಿಗಾಗಿಯೇ ತೆಗೆದಿಡತೊಡಗಿದರು.

ಈಗ ದೊಡ್ಡಮ್ಮ ಇಲ್ಲ. ಮಗ್ಗವೂ ಇಲ್ಲ… ನಿನ್ನೆ ಕಡತದಲ್ಲಿ ಸಿಕ್ಕ ಆ ಬಟ್ಟೆಯ ತುಂಡು ಜೇಬಿನಲ್ಲಿಟ್ಟುಕೊಂಡು ಬಂಗಲೆಗೆ ಹೋಗಿದ್ದೆ. ಕಿಟಕಿಯ ಪಕ್ಕ ಹಳದಿ ಮಂಕಾಗಿದೆ. ಮೇಲೆ ಬಳ್ಳಿ ಹಾಗೇ ಇದೆ. ಮಂಡಿಯೂರಿ, ಕೆಳಂಚು ಎತ್ತಿ, ಕೈ ತೂರಿಸಿದೆ. ಅಂಗೈಗೆ ಹತ್ತಿದ್ದು ಒಣ ಸುಣ್ಣ.

ಹೇಳೋಣವೆಂದರೆ ಬೇಲಿಯಾಚೆ ಯಾರೂ ಇಲ್ಲ. ಹಾಗಾಗಿ ಬರೆದಿದ್ದೇನೆ.