ಕಾಶಿ ಎಂಬ ಎಮ್ಮೆಯ ಹಿಂದೆ

ಓಡುವ ಬಸ್ಸಿನಲ್ಲಿ ನಿಲ್ಲುವುದು ನನಗೆ ಇವತ್ತಿಗೂ ಬರುವುದಿಲ್ಲ. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವಾಗ ಸೀಟು ಸಿಗದೆ ನಿಂತೆನೆಂದರೆ, ಡ್ರೈವರ್ ಗೇರು ಬದಲಿಸಿದಷ್ಟು ಸಲ ಯಾರದಾದರೂ ತೊಡೆಯ ಮೇಲೆ ಕೂತು ಎದ್ದಿರುತ್ತೇನೆ. ಒಬ್ಬ ಮುದುಕಿಯಂತೂ, "ಇಲ್ಲೇ ಕುಂಡ್ರು ಬಾರವಾ, ಏಳೂದು ಬೀಳೂದು ಯಾಕ ತ್ರಾಸ ತಗೋತಿ" ಎಂದು ತನ್ನ ಗಂಟು ಸರಿಸಿ ಜಾಗ ಕೊಟ್ಟಿದ್ದಳು. ಇಂಥ ನಾನು ಒಂದು ಕಾಲದಲ್ಲಿ ನೀರಿನ ಮೇಲೆ ನಿಂತಿದ್ದೆ. ಹೋದ ವಾರ ಪತ್ರಿಕೆಯೊಂದರಲ್ಲಿ, ಪರದೇಶದ ಹುಡುಗಿಯೊಬ್ಬಳು ಮೋಟಾರು ದೋಣಿಯ ಹಿಂದೆ ಹಲಗೆಯ ಮೇಲೆ ನಿಂತು ಹೋಗುವ ಚಿತ್ರ ಬಂದಿತ್ತು. "ಇದನ್ನ ನಾನೂ ಮಾಡೀನಿ" ಅಂದೆ. ನಮ್ಮ ಮನೆಯವರು ಕನ್ನಡಕ ಏರಿಸಿ, ಚಿತ್ರವನ್ನೂ ನನ್ನ ಗಾತ್ರವನ್ನೂ ನೋಡಿ, "ದೋಣಿ ಯಾರದಿತ್ತು?" ಎಂದು ಕೇಳಿದರು. ದೋಣಿ ಅಲ್ಲ, ಎಮ್ಮೆ ಅಂದೆ. ನಕ್ಕು ನಕ್ಕು ಅಂಗಿಯ ಮೇಲೆ ಚಹಾ ಚೆಲ್ಲಿಕೊಂಡರು. ನೀವಾದರೂ ಪೂರ್ತಿ ಕೇಳಿ.

ನಾನು ಬೆಳೆದದ್ದು ಹುಮನಾಬಾದಿನಲ್ಲಿ. ಎತ್ತ ನೋಡಿದರೂ ರಸ್ತೆ ಇರುವ ಊರು. ಲಾರಿ ಬೇಕಾದಷ್ಟು, ನೀರು ಮಾತ್ರ ಕೊಡದಲ್ಲಿ ಹಿಡಿದಷ್ಟೇ. ನಮಗೆ ನೀರೆಂದರೆ ಸೇದುವುದು, ಹೊರುವುದು, ಚೆಲ್ಲಿದರೆ ಬೈಸಿಕೊಳ್ಳುವುದು. ಅದರೊಳಗೆ ಇಳಿಯಲೂಬಹುದು ಎಂಬ ಜ್ಞಾನೋದಯವಾದದ್ದು ಬೇಸಿಗೆ ಸೂಟಿಯಲ್ಲಿ, ಅವ್ವನ ತವರಾದ ಕಲ್ಯಾಣದ ಕೆರೆಯಲ್ಲಿ. ಕಲ್ಯಾಣ ದೊಡ್ಡವರ ಊರು. ಭವಸಾಗರ ದಾಟುವ ಮಾತು ಅಲ್ಲಿ ನೂರಾರು ವರ್ಷಗಳಿಂದ ನಡೆದಿದೆ. ದಾಟುವ ಗಡಿಬಿಡಿಯಲ್ಲಿ, ಒಂದು ಗಳಿಗೆ ಸುಮ್ಮನೆ ಅದರ ಮೇಲೆ ನಿಂತು ನೋಡೋಣ ಎಂದು ಯಾರಿಗೂ ಹೊಳೆದಂತಿಲ್ಲ. ಹೊಳೆದದ್ದು ಅವ್ವನ ತಮ್ಮ ಶರಣಪ್ಪ ಮಾಮಾನಿಗೆ.

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಉರ್ದು ಶಾಲೆ ಓದಿದ್ದ ಮಾಮಾ ಕನ್ನಡದ ನೌಕರಿ ಬರುವ ತನಕ ಎಂದು ಎಮ್ಮೆ ಮೇಯಿಸುತ್ತಿದ್ದ. ನೌಕರಿ ಬರಲಿಲ್ಲ, ಎಮ್ಮೆಗಳು ಹೆಚ್ಚಾದವು. ಅವನು ಒಂದು ಹಳೆಯ ಬಾಗಿಲಿನ ಹಲಗೆಗೆ ಮುಂದೆ ಎಣ್ಣೆ ಡಬ್ಬಿಯ ತಗಡು ಬಗ್ಗಿಸಿ ಹೊಡೆದ, ನೀರು ಸೀಳಲೆಂದು. ಇನ್ನು ಬೇಕಾದದ್ದು ಎಳೆಯುವವರು. ಎಮ್ಮೆಯನ್ನು ಬಲ್ಲವರಿಗೆ ಗೊತ್ತು, ಅದು ಯಾರ ಮಾತಿಗೂ ಓಡುವ ಪ್ರಾಣಿಯಲ್ಲ. ಓಡುವ ಕಾರಣ ಅದರ ಮನಸ್ಸಿನಲ್ಲೇ ಹುಟ್ಟಬೇಕು. ಮಾಮಾ ಸಂಜೆ ಹಾಲು ಕರೆಯುವ ಹೊತ್ತಿಗೆ ಕಾಶಿಯ ಕರುವನ್ನು ದಡದ ಆ ತುದಿಯಲ್ಲಿ ಕಟ್ಟುತ್ತಿದ್ದ. ಕರು ಒದರುತ್ತಿತ್ತು. ಕೆಚ್ಚಲು ತುಂಬಿದ ಕಾಶಿ ಮೊಣಕಾಲುದ್ದ ನೀರಿನಲ್ಲಿ ಬಾಲ ಎತ್ತಿ ಓಡುತ್ತಿದ್ದಳು. ಅವಳು ಒಣನೆಲ ಹತ್ತದಂತೆ ಮಾಮಾ ಕೋಲು ಹಿಡಿದು ಪಕ್ಕದಲ್ಲೇ ಓಡುತ್ತಿದ್ದ. ಅವಳ ಕೊರಳ ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿ, ನಾನು ಹಲಗೆಯ ಮೇಲೆ. ಮೇಲೆ ಅನ್ನುವುದು ಆಸೆಯ ಮಾತು. ಬಹಳಷ್ಟು ಸಲ ಹಲಗೆಯೇ ನನ್ನ ಮೇಲಿರುತ್ತಿತ್ತು.

ಹಗ್ಗ ಬಿಗಿಯಾದ ಕೂಡಲೇ ಧಡಕ್ಕನೆ ಎದ್ದು ನಿಲ್ಲುತ್ತಿದ್ದೆ, ಅಷ್ಟೇ ಬೇಗ ಮಗುಚುತ್ತಿದ್ದೆ. ಮೂಗು, ಬಾಯಿ, ಕಿವಿ ತುಂಬ ಕೆರೆಯ ರಾಡಿ.

"ನಿಂದ್ರಾಕ ಯಾಕ ಅವಸರ ಮಾಡಾಕತ್ತಿ ನಂದಾ?" ಎಂದು ಮಾಮಾ ಕೂಗುತ್ತಿದ್ದ. "ಮೊದಲ ಕುಕ್ಕರಗಾಲಲೇ ಕುಂಡ್ರು. ನೀ ಹಗ್ಗ ಜಗ್ಗಬ್ಯಾಡ, ಅದೇ ನಿನ್ನ ಜಗ್ಗಲಿ. ನೀರು ಎತ್ತಿ ಕೊಟ್ಟಾಗ ಏಳು."

"ಎತ್ತಿ ಕೊಟ್ಟದ್ದು ಹ್ಯಾಂಗ ಗೊತ್ತಾಗ್ತದ ಮಾಮಾ?"

"ಬಿದ್ದು ಬಿದ್ದು ಗೊತ್ತಾಗ್ತದ!"

ನಮ್ಮ ಆಯಿಗೆ, ಅಂದರೆ ಅವ್ವನ ತಾಯಿಗೆ, ಈ ವಿದ್ಯಾಭ್ಯಾಸ ಒಂದಿಷ್ಟೂ ಹಿಡಿಸಲಿಲ್ಲ. "ದಿನಾ ಹಿಂಗ ಕುಣಿಸಿದ್ರ ಕಾಶಿ ಹಾಲು ಬಿಟ್ಟು ಮಜ್ಜಿಗಿನೇ ಕೊಡ್ತಾಳ ನೋಡು" ಎಂದು ಮಗನನ್ನು ಬೈಯುತ್ತಿದ್ದಳು. ಅವ್ವ ಬೈಯಲಿಲ್ಲ. ಅವಳು ಹೇಳಿದ್ದು ಒಂದೇ ಮಾತು: "ಆಡ್ಲಿ ಬಿಡು. ಇದೇ ಆಖರಿ ಬ್ಯಾಸಗಿ. ಬರೋ ವರ್ಷ ದೊಡ್ಡಾಕಿ ಆಗ್ತಾಳ, ದಂಡಿ ಮ್ಯಾಲ ಕುಂತು ಅರಿವಿ ಒಗೀಲಿ."

ದಡದ ಕಲ್ಲುಗಳ ಮೇಲೆ ಕೂತು ಬಟ್ಟೆ ಒಗೆಯುವ ಹೆಂಗಸರನ್ನು ನಾನು ದಿನವೂ ನೋಡುತ್ತಿದ್ದೆ. ಕೆರೆ ಅವರ ಎದುರಿಗೇ ಇತ್ತು. ಒಬ್ಬಳೂ ಅದರೊಳಗೆ ಇಳಿಯುತ್ತಿರಲಿಲ್ಲ. ಅವ್ವ ಆಡಿದ ಮಾತು ನಡೆಸುವವಳು. ಈ ಬೇಸಿಗೆಯಲ್ಲಿ ನಿಲ್ಲದಿದ್ದರೆ ಈ ಜನ್ಮದಲ್ಲಿ ನಿಲ್ಲುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ರಾತ್ರಿ ಹಾಸಿಗೆಯಲ್ಲೂ ಮೊಣಕಾಲು ಮಡಚಿ ಏಳುವುದನ್ನು ರೂಢಿ ಮಾಡಿದೆ. ಪಕ್ಕದಲ್ಲಿ ಮಲಗಿದ್ದ ಆಯಿ ಒದೆ ತಿಂದು ತಿಂದು ಪಡಸಾಲೆಗೆ ಹೋದಳು.

ಸೂಟಿಯ ಕೊನೆಯ ಸಂಜೆ ಬಂತು. ಮರುದಿನ ಬೆಳಿಗ್ಗೆ ಹುಮನಾಬಾದಿನ ಬಸ್ಸು. ಮೊದಲು ಒಮ್ಮೆ ಬಿದ್ದೆ. ಮಾಮಾ ಕಾಶಿಯನ್ನು ತಿರುಗಿಸಿ ತಂದು ಹಗ್ಗ ಕೊಟ್ಟ. ಈ ಸಲ ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತೆ, ಕೂತೇ ಇದ್ದೆ. ಹಗ್ಗ ಬಿಗಿಯಿತು, ತಗಡು ಚರ್ರೆಂದಿತು, ಹಲಗೆ ಒಂದು ಬೆರಳಷ್ಟು ಮೇಲೆದ್ದಂತಾಯಿತು. ಅಯ್ಯೋ, ಇದೇ ಏನು ಅನ್ನುವಷ್ಟರಲ್ಲಿ ಎದ್ದು ನಿಂತುಬಿಟ್ಟಿದ್ದೆ! ಅಷ್ಟರಲ್ಲಿ ಕಾಶಿ ಮಾಮಾನ ಕೋಲಿಗೆ ಕ್ಯಾರೇ ಅನ್ನದೆ ದಡಕ್ಕೆ ನುಗ್ಗಿದಳು.

"ಹಗ್ಗ ಬಿಡು! ಬಿಡು!" ಎಂದು ಮಾಮಾ ಅರಚಿದ. ಬಿಟ್ಟೆ. ಬೀಳಲಿಲ್ಲ. ಎಮ್ಮೆ ಹೋದರೂ ಅದು ಎಬ್ಬಿಸಿದ ತೆರೆ ಉಳಿದಿತ್ತು, ಅದು ಹಲಗೆಯ ಕೆಳಗೆ ಬಂದು ನನ್ನನ್ನು ಮುಂದಕ್ಕೆ ದೂಡಿತು. ಎಳೆಯುವವರಿಲ್ಲ, ಹಿಡಿಯುವವರಿಲ್ಲ, ನಾನು ನಿಂತಿದ್ದೇನೆ. ಅಷ್ಟು ಸುಖ ನನಗೆ ಆಮೇಲೆ ಬಹಳ ಸಲ ಸಿಕ್ಕಿಲ್ಲ.

ಕೊನೆಗೆ ತೆರೆ ಇಳಿಯಿತು, ಹಲಗೆ ಮಗುಚಿತು. ಮುಳುಗಿ ಎದ್ದು ದಡದತ್ತ ನೋಡಿದೆ. ಒಬ್ಬರಾದರೂ ನನ್ನ ಕಡೆ ನೋಡುತ್ತಿರಲಿಲ್ಲ. ಕಾಶಿ ದಂಡೆಯ ಖರಬೂಜದ ಬಳ್ಳಿಗಳೊಳಗೆ ನುಗ್ಗಿದ್ದಳು. ಮಾಮಾ ಅವಳ ಹಿಂದೆ, ತೋಟದವನು ಮಾಮಾನ ಹಿಂದೆ, ಬಟ್ಟೆ ಒಗೆಯುವವರೆಲ್ಲ ಎದ್ದು ನಿಂತು ಆ ತಮಾಷೆ ನೋಡುತ್ತಿದ್ದರು. ನನಗೆ ಅಳುವೇ ಬಂತು.

ಮನೆಯಲ್ಲಿ ಅವ್ವ ಬಚ್ಚಲಿನಲ್ಲಿ ಕೂರಿಸಿ ತಲೆಗೆ ಬಿಸಿನೀರು ಹಾಕಿದಳು. ಕೂದಲಿನ ರಾಡಿ ತಿಕ್ಕುತ್ತ, "ನಿಂತ್ಯಾ?" ಎಂದು ಕೇಳಿದಳು.

"ನಿಂತೆ. ಹಗ್ಗ ಬಿಟ್ಟೂ ನಿಂತೆ. ಖರೇ ಅವ್ವಾ, ಆದ್ರ ಯಾರೂ ನೋಡ್ಲಿಲ್ಲ" ಎಂದು ಬಿಕ್ಕಿದೆ.

ಅವ್ವ ತಿಕ್ಕುವುದನ್ನು ಬಿಟ್ಟು ಎದ್ದಳು. ಬಚ್ಚಲ ಬಾಗಿಲು ಮುಂದೆ ಮಾಡಿ ಬಂದು, ದನಿ ತಗ್ಗಿಸಿ ಕೇಳಿದಳು: "ಕಾಲಾಗ ಹ್ಯಾಂಗ ಅನಸ್ತು?"

ಅವ್ವ ಆ ಕೆರೆಯ ದಂಡೆಯಲ್ಲೇ ಹುಟ್ಟಿ ಬೆಳೆದವಳು. ನಾನು ಹೇಳಿದೆ. ಹಲಗೆ ನಡುಗಿದ್ದು, ತೆರೆ ಬಂದು ಎತ್ತಿದ್ದು, ಹಗ್ಗ ಬಿಟ್ಟ ಕೈ ಹಗುರಾದದ್ದು. ಅವ್ವ ತುಂಬಿದ ತಂಬಿಗೆಯನ್ನು ಕೈಯಲ್ಲಿ ಹಿಡಿದೇ ಕೂತಿದ್ದಳು, ನೀರು ಆರುತ್ತಿತ್ತು.

"ಮತ್ತೊಮ್ಮೆ ಹೇಳು" ಅಂದಳು.

ಹೇಳಿದೆ. ಈ ಸಲ ಹಲಗೆ ಇನ್ನಷ್ಟು ದೂರ ಹೋಯಿತು. ಅವ್ವ ತಡೆಯಲಿಲ್ಲ. ಮೂರನೆಯ ಸಲ ಹೇಳುವಾಗ ಆಚೆ ದಡವನ್ನೇ ಮುಟ್ಟಿಸಿಬಿಟ್ಟೆ.